‘ಗುಡುಗುಡಿಯ ಸೇದಿ ನೋಡೋ’ ನಶೆಯ ಹಾಡೇ?

ಪ್ರಶ್ನೆ: ರಘು ದೀಕ್ಷಿತ್ ಹಾಡಿರುವ ‘ಗುಡುಗುಡಿಯ ಸೇದಿ ನೋಡೋ’ ಭಂಗಿ (ಗಾಂಜಾ) ಸೇದುವವರ ಹಾಡಲ್ಲವೇ? ಅವರೇ ಬರೆದದ್ದೇ?

ಎರಡೂ ಅಲ್ಲ. ಬರೆದವರು 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತಲೇ ಇದೆ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪಲ್ಲವಿ ಮುಗಿಯುವ ತನಕವಾದರೂ ಕೇಳಿ. ಸೇದಬೇಕಾದದ್ದು ಒಡಲೊಳಗಿನ ರೋಗ ಕಳೆದುಕೊಳ್ಳಲಿಕ್ಕೆ ಎಂದು ಅಲ್ಲೇ ಇದೆ. ಆಮೇಲೆ ಶರೀಫರು ಗುಡುಗುಡಿಯ, ಅಂದರೆ ಹುಕ್ಕಾದ, ಒಂದೊಂದೇ ಭಾಗವನ್ನು ಬಿಚ್ಚಿಡುತ್ತಾರೆ. ಸಂಚಿ ಎಂದರೆ ಮನಸ್ಸು. ಅದರೊಳಗಿಂದ ತೆಗೆದು ದಿನದಿನವೂ ಕೊಚ್ಚಬೇಕಾದ ಭಂಗಿ ಎಂದರೆ ಮೋಹ. ಅದರ ಮೇಲೆ ಮುಚ್ಚುವ ಬೆಂಕಿ ಬುದ್ಧಿ. ಗುಡುಗುಡಿಯ ಬುರುಡೆ ನಮ್ಮ ಶರೀರ, ಅದರೊಳಗೆ ತುಂಬುವ ನೀರು ಅರಿವು. ಈಗ ಹೇಳಿ, ಇಲ್ಲಿ ಸುಟ್ಟುಹೋಗುವುದು ಯಾವುದು? ಮೋಹ! ನಶೆ ಏರಿಸಿಕೊಳ್ಳಿ ಎನ್ನುವ ಕವಿ ಭಂಗಿಯನ್ನೇ ಮೋಹ ಎಂದು ಕರೆದು ಬೆಂಕಿಗೆ ಹಾಕಿಸುತ್ತಾನೆಯೇ? ಊರ ಕಟ್ಟೆಯ ಮೇಲೆ ಕೂತವರ ಕೈಯಲ್ಲಿ ಏನಿತ್ತೋ ಅದರಿಂದಲೇ ತತ್ವ ಹೇಳುವುದು ಶರೀಫರ ಕ್ರಮ. ಅವರ ಇನ್ನೊಂದು ಪದ ‘ಸೋರುತಿಹುದು ಮನೆಯ ಮಾಳಿಗಿ’ಯಲ್ಲಿ ಮಾಳಿಗೆಯೂ ಅಜ್ಞಾನದಿಂದಲೇ ಸೋರುವುದು.

ರಘು ಅವರ ಗಿಟಾರಿನ ಓಟಕ್ಕೆ ಕುಣಿಯುವಾಗ ಚರಣಗಳು ಕಿವಿಗೆ ಬೀಳುವುದಿಲ್ಲ, ಗೊಂದಲ ಹುಟ್ಟುವುದು ಅಲ್ಲಿ. ತಪ್ಪು ಅವರದಲ್ಲ. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ, ಮೈಕ್ರೋಬಯಾಲಜಿ ಓದಿದ ಈ ಹುಡುಗ ಸಹಪಾಠಿಯೊಬ್ಬ ಛೇಡಿಸಿದ ಹಠಕ್ಕೆ ಗಿಟಾರ್ ಹಿಡಿದವರು. ಆ ನೃತ್ಯ ಇವತ್ತಿಗೂ ಅವರ ಕಾಲಿನ ಗೆಜ್ಜೆಯಲ್ಲಿದೆ. 2008ರ ಮೊದಲ ಆಲ್ಬಮ್‌ನಲ್ಲಿ ಸ್ವಂತ ಹಿಂದಿ ಹಾಡುಗಳ ಪಕ್ಕದಲ್ಲೇ ಶರೀಫರ ಎರಡು ಪದಗಳನ್ನಿಟ್ಟರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಹತ್ತಿದರು. ಆದರೆ ನನಗೆ ಅವರು ದೊಡ್ಡವರಾಗಿ ಕಾಣುವುದು ಗುಡುಗುಡಿಯಲ್ಲೇ: ಪದ ಹಳೆಯದು, ರಾಗ ಅವರದೇ.

ಹಾಗಾದರೆ ಇದು ಜಾನಪದವೇ? ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಜಾನಪದ ಗೀತೆಗೆ ಕರ್ತೃ ಇಂಥವರೇ ಎಂದು ಗೊತ್ತಿರುವುದಿಲ್ಲ. ಶರೀಫರದು ತತ್ವ ಹೇಳುವ ಹಾಡು, ತತ್ವಪದ; ಅದಕ್ಕೆ ಕವಿಯ ಗುರುತಾಗಿ ಶಿಶುನಾಳಾಧೀಶನ ಅಂಕಿತವಿದೆ. ಬರೆದವರ ಹೆಸರಿನ ಜಾಗದಲ್ಲಿ ‘ಜಾನಪದ, ಸಾಂಪ್ರದಾಯಿಕ’ ಎಂದು ಹಾಕಿ ಕೈತೊಳೆದುಕೊಂಡರೆ ಕವಿಯ ಹೆಸರೇ ಅಳಿಸಿಹೋಗುತ್ತದೆ. ವೇದಿಕೆಯ ಮೇಲೆ ಈ ಪದ ಹಾಡುವ ಹುಡುಗ ಹುಡುಗಿಯರೇ, ಶುರುಮಾಡುವ ಮೊದಲು ಶರೀಫರ ಹೆಸರು ಹೇಳಿ.