ಬ್ಯಾಂಕಿನ ದುಡ್ಡಲ್ಲ, ಬ್ಯಾಂಕಿನವರ ದುಡ್ಡು: ಅಮೆರಿಕದ ಬ್ಯಾಂಕ್ ಪ್ಯಾಕ್‌ಗಳು ಅಭ್ಯರ್ಥಿಗಳಿಗೆ ಹಣ ಕೊಡುವ ಬಗೆ

ಅಮೆರಿಕದ ಚುನಾವಣಾ ಹಣದ ಬಗ್ಗೆ ಓದಲು ಶುರು ಮಾಡಿದಾಗ ಮೊದಲ ವಾರವೇ ನಾನು ಎರಡು ಸಾಲುಗಳ ನಡುವೆ ಸಿಕ್ಕಿಹಾಕಿಕೊಂಡೆ. ಪಾಠದಲ್ಲಿ ಬ್ಯಾಂಕುಗಳು ಫೆಡರಲ್ ಅಭ್ಯರ್ಥಿಗಳಿಗೆ, ಅಂದರೆ ಅಧ್ಯಕ್ಷ ಪದವಿಗೆ ಅಥವಾ ಸಂಸತ್ತಿಗೆ ನಿಂತವರಿಗೆ, ದೇಣಿಗೆ ಕೊಡುವಂತಿಲ್ಲ ಎಂದಿತ್ತು. ಸುದ್ದಿಯಲ್ಲಿ ಇಂಥ ಬ್ಯಾಂಕು ಇಂಥ ಸೆನೆಟರ್‌ಗೆ 10,000 ಡಾಲರ್ ಕೊಟ್ಟಿದೆ ಎಂದಿತ್ತು. ಎರಡೂ ಸರಿ. ಅದು ಹೇಗೆ ಅಂತ ಗೊತ್ತಾದರೆ ಅರ್ಧ ಪಾಠ ಮುಗಿದ ಹಾಗೆ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ನಿಷೇಧ ಮೊದಲು, ಪ್ಯಾಕ್ ಆಮೇಲೆ

1904ರ ಅಧ್ಯಕ್ಷೀಯ ಚುನಾವಣೆಯಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಪರವಾಗಿ ದೊಡ್ಡ ಕಂಪನಿಗಳ ಹಣ ಹರಿದಿತ್ತು. ಅದು ಹೊರಗೆ ಬಂದಾಗ ಗಲಾಟೆಯಾಯಿತು. ಆಮೇಲೆ ರೂಸ್‌ವೆಲ್ಟ್ ಅವರೇ ಕಂಪನಿಗಳ ದೇಣಿಗೆ ನಿಲ್ಲಬೇಕು ಎಂದು ಸಂಸತ್ತನ್ನು ಕೇಳಿದರು. 1907ರಲ್ಲಿ ಟಿಲ್‌ಮನ್ ಕಾಯ್ದೆ ಬಂತು. ಇದರಲ್ಲಿ ರಾಷ್ಟ್ರೀಯ ಬ್ಯಾಂಕುಗಳ ಹೆಸರು ಬೇರೆಯಾಗಿಯೇ ಇದೆ, ಗಮನಿಸಿ. ಉಳಿದ ಕಂಪನಿಗಳಿಗೆ ಫೆಡರಲ್ ಚುನಾವಣೆಯಲ್ಲಿ ಮಾತ್ರ ತಡೆ. ಫೆಡರಲ್ ಪರವಾನಗಿ ಪಡೆದ ರಾಷ್ಟ್ರೀಯ ಬ್ಯಾಂಕುಗಳಿಗೆ ರಾಜ್ಯದ, ಊರಿನ ಚುನಾವಣೆಯಲ್ಲೂ ತಡೆ. ಈ ವ್ಯತ್ಯಾಸ ಪರೀಕ್ಷೆಯಲ್ಲಿ ಕೈ ಕೊಡುವ ಜಾಗ, ಗುರುತು ಹಾಕಿಟ್ಟುಕೊಳ್ಳಿ.

ಇಲ್ಲಿ ಒಂದು ಸಣ್ಣ ವಿಷಯ. ಬ್ಯಾಂಕು ಅಭ್ಯರ್ಥಿಗೆ ದೇಣಿಗೆ ಕೊಡುವಂತಿಲ್ಲ, ಆದರೆ ಸಾಲ ಕೊಡಬಹುದು. ಎಲ್ಲರಿಗೂ ಹಾಕುವ ಬಡ್ಡಿಯನ್ನೇ ಹಾಕಬೇಕು, ಕಾಗದಪತ್ರ ಇರಬೇಕು, ಸಾಲ ತೀರುತ್ತದೆ ಅನ್ನುವುದಕ್ಕೆ ಆಧಾರ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಸಾಲವನ್ನು ದೇಣಿಗೆ ಎಂದು ಲೆಕ್ಕ ಹಾಕುವ ಅಪಾಯ ಇದೆ.

ಪ್ಯಾಕ್, ಅಂದರೆ ರಾಜಕೀಯ ಕ್ರಿಯಾ ಸಮಿತಿ, ಬ್ಯಾಂಕಿನವರು ಕಂಡುಹಿಡಿದದ್ದಲ್ಲ. ಅದು ಕಾರ್ಮಿಕ ಸಂಘಗಳ ಯೋಚನೆ. 1943ರಲ್ಲಿ ಸಂಘಗಳ ದೇಣಿಗೆಗೂ ತಡೆ ಬಿದ್ದಾಗ ಸಿಐಒ ಎಂಬ ಕಾರ್ಮಿಕ ಒಕ್ಕೂಟ ಬೇರೆಯೇ ಒಂದು ಸಮಿತಿ ಮಾಡಿತು. ಸಂಘದ ಖಜಾನೆ ಮುಟ್ಟದೆ, ಸದಸ್ಯರು ಮನಸ್ಸಿನಿಂದ ಕೊಟ್ಟದ್ದನ್ನು ಒಟ್ಟು ಮಾಡುವುದು ಅದರ ಕೆಲಸ. 1971ರ ಫೆಡರಲ್ ಚುನಾವಣಾ ಪ್ರಚಾರ ಕಾಯ್ದೆ ಈ ದಾರಿಯನ್ನು ಕಂಪನಿಗಳಿಗೂ ತೆರೆಯಿತು. ವಾಟರ್‌ಗೇಟ್ ಹಗರಣದ ನಂತರ 1974ರಲ್ಲಿ ಅದಕ್ಕೆ ತಿದ್ದುಪಡಿ ಬಂತು, ಮಿತಿಗಳು ಬಂದವು, ಕಾವಲಿಗೆ ಎಫ್‌ಇಸಿ ಎಂಬ ಫೆಡರಲ್ ಚುನಾವಣಾ ಆಯೋಗ ಬಂತು. 1975ರಲ್ಲಿ ಸನ್ ಆಯಿಲ್ ಎಂಬ ಕಂಪನಿ ತನ್ನ ಪ್ಯಾಕ್‌ಗೆ ನೌಕರರ ಹತ್ತಿರ ಹಣ ಕೇಳಬಹುದೇ ಎಂದು ಆಯೋಗವನ್ನು ಕೇಳಿತು. ಆಯೋಗ ಒಪ್ಪಿತು. ಅಲ್ಲಿಂದಾಚೆಗೆ ಕಂಪನಿ ಪ್ಯಾಕ್‌ಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು.

ಬೇರೆ ಇಟ್ಟ ಹುಂಡಿ

ನನಗೆ ಇದು ಅರ್ಥವಾದದ್ದು ಹುಂಡಿಯ ಹೋಲಿಕೆಯಿಂದ. ದೇವಸ್ಥಾನದಲ್ಲಿ ಹುಂಡಿ ಮಾಡಿಸುವುದು, ಬೀಗ ಹಾಕುವುದು, ಕಾಯುವುದು, ಎಣಿಸುವುದು ಎಲ್ಲ ಆಡಳಿತದ ಖರ್ಚು. ಒಳಗೆ ಬೀಳುವ ದುಡ್ಡು ಮಾತ್ರ ಭಕ್ತರದ್ದು. ಬ್ಯಾಂಕಿನ ಪ್ಯಾಕ್ ಕೂಡ ಹೀಗೆಯೇ. ಕಚೇರಿ, ಸಿಬ್ಬಂದಿ, ವಕೀಲರು, ಲೆಕ್ಕಪತ್ರ, ಈ ಖರ್ಚನ್ನೆಲ್ಲ ಬ್ಯಾಂಕೇ ಕೊಡಬಹುದು. ಅದಕ್ಕೆ ಮಿತಿಯೂ ಇಲ್ಲ. ಆದರೆ ಅಭ್ಯರ್ಥಿಗೆ ಹೋಗುವ ಒಂದೊಂದು ಡಾಲರೂ ಯಾರೋ ಒಬ್ಬ ವ್ಯಕ್ತಿಯ ಜೇಬಿನಿಂದ ಬಂದಿರಬೇಕು. ಕಾನೂನು ಇದನ್ನು ‘ಪ್ರತ್ಯೇಕವಾಗಿ ಇಟ್ಟ ನಿಧಿ’ ಎನ್ನುತ್ತದೆ.

ಹುಂಡಿಗೆ ಹಾಕಿ ಎಂದು ಯಾರನ್ನು ಕೇಳಬಹುದು? ಸಿಕ್ಕಸಿಕ್ಕವರನ್ನಲ್ಲ. ಷೇರುದಾರರು, ಮ್ಯಾನೇಜರ್ ಮಟ್ಟದ ಹಾಗೂ ವೃತ್ತಿಪರ ನೌಕರರು, ಅವರ ಮನೆಯವರು, ಇಷ್ಟೇ ಜನ. ಗಂಟೆ ಲೆಕ್ಕದ ಸಂಬಳಕ್ಕೆ ಕೌಂಟರ್‌ನಲ್ಲಿ ಕೂರುವವರನ್ನು ವರ್ಷಕ್ಕೆ ಎರಡು ಸಲ ಮಾತ್ರ ಕೇಳಬಹುದು, ಅದೂ ಮನೆ ವಿಳಾಸಕ್ಕೆ ಪತ್ರ ಬರೆದು. ಯಾರನ್ನೇ ಕೇಳಲಿ, ಈ ಹಣ ರಾಜಕೀಯಕ್ಕೆ ಹೋಗುತ್ತದೆ, ಕೊಡದಿದ್ದರೆ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ ಎಂದು ಹೇಳಲೇಬೇಕು. ಈ ಮಾತು ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕೇಳುವವರು ನಿಮ್ಮ ಮೇಲಧಿಕಾರಿ ಆಗಿದ್ದರೆ ‘ಬೇಡ’ ಎನ್ನುವುದು ಎಷ್ಟು ಸುಲಭ? ಈ ಪ್ರಶ್ನೆಯನ್ನು ಬದಿಗೆ ತಳ್ಳಿ ಈ ವಿಷಯ ಓದಬಾರದು ಅನ್ನುವುದು ನನ್ನ ಅಭಿಪ್ರಾಯ.

ಹತ್ತಿರದಿಂದ ಒಂದು ಲೆಕ್ಕ ನೋಡೋಣ. ಓಹಾಯೋದ ಒಂದು ಶಾಖೆಯ ಮ್ಯಾನೇಜರ್ ಎಂದುಕೊಳ್ಳಿ. ಎರಡು ವಾರಕ್ಕೊಮ್ಮೆ ಸಂಬಳ, ಪ್ರತಿ ಸಲ 10 ಡಾಲರ್ ಪ್ಯಾಕ್‌ಗೆ ಕಡಿತ. ವರ್ಷಕ್ಕೆ 26 ಸಂಬಳ, ಅಂದರೆ 260 ಡಾಲರ್. ವರ್ಷದ ಮೊತ್ತ 200 ಡಾಲರ್ ದಾಟಿದ ತಕ್ಷಣ ಅವರ ಹೆಸರು, ಕೆಲಸ, ಕೆಲಸ ಕೊಟ್ಟವರ ಹೆಸರು ಎಲ್ಲವೂ ಎಫ್‌ಇಸಿಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಒಬ್ಬ ವ್ಯಕ್ತಿ ಒಂದು ಪ್ಯಾಕ್‌ಗೆ ವರ್ಷಕ್ಕೆ ಕೊಡಬಹುದಾದ ಗರಿಷ್ಠ ಮೊತ್ತ 5,000 ಡಾಲರ್. ಕೆಲವು ಕಂಪನಿಗಳು ನೌಕರರು ಪ್ಯಾಕ್‌ಗೆ ಕೊಟ್ಟಷ್ಟೇ ಹಣವನ್ನು ಅವರು ಹೇಳಿದ ಧರ್ಮಾರ್ಥ ಸಂಸ್ಥೆಗೆ ತಾವೂ ಕೊಡುತ್ತವೆ. ಇದಕ್ಕೆ ಆಯೋಗದ ಒಪ್ಪಿಗೆ ಇದೆ.

ನಮ್ಮವರಿಗೆ ಇದು ನೇರವಾಗಿ ತಾಗುವ ಜಾಗವೂ ಒಂದಿದೆ. ಅಮೆರಿಕದ ಬ್ಯಾಂಕುಗಳಲ್ಲಿ ಎಚ್‌-1ಬಿ ವೀಸಾದ ಮೇಲೆ ಕೆಲಸ ಮಾಡುವ ಕನ್ನಡಿಗರು ಪ್ಯಾಕ್‌ಗೆ ಹಣ ಹಾಕುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಹಾಕಬಹುದು, ಪೌರತ್ವ ಬೇಕಿಲ್ಲ. ಅದೇ ಬ್ಯಾಂಕುಗಳ ಬೆಂಗಳೂರು ಕಚೇರಿಗಳಲ್ಲಿ ಕೂತ ಭಾರತೀಯ ನೌಕರರಿಗೂ ಇದೇ ನಿಯಮ. ಹಣ ಕೊಡುವುದು ಹಾಗಿರಲಿ, ಯಾರಿಗೆ ಕೊಡಬೇಕು ಎನ್ನುವ ತೀರ್ಮಾನದಲ್ಲೂ ವಿದೇಶಿಯರು ಭಾಗಿಯಾಗುವಂತಿಲ್ಲ. ‘ಎಲ್ಲರೂ ಹಾಕ್ತಿದ್ದಾರೆ’ ಅಂತ ಸುಮ್ನೆ ಫಾರ್ಮ್ ತುಂಬಬಾರದು. ವೀಸಾದವರು ಇದನ್ನು ತಿಳಿದಿರಲೇಬೇಕು.

5,000 ಎಂಬ ಹಳೆಯ ಅಂಕಿ

ಈಗ ಹುಂಡಿಯಿಂದ ಹೊರಗೆ ಹೋಗುವ ಹಣಕ್ಕೆ ಬರೋಣ. ಒಂದು ಪ್ಯಾಕ್ ನೋಂದಣಿಯಾಗಿ 6 ತಿಂಗಳಾಗಿರಬೇಕು, 50ಕ್ಕಿಂತ ಜಾಸ್ತಿ ಜನ ಅದಕ್ಕೆ ಹಣ ಕೊಟ್ಟಿರಬೇಕು, ಅದು ಕನಿಷ್ಠ 5 ಫೆಡರಲ್ ಅಭ್ಯರ್ಥಿಗಳಿಗೆ ಕೊಟ್ಟಿರಬೇಕು. ಆಗ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್‌ವರೆಗೆ ಕೊಡಬಹುದು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಒಂದು ಚುನಾವಣೆ, ನವೆಂಬರ್‌ನದ್ದು ಇನ್ನೊಂದು. ಸುದ್ದಿಯ ಆ 10,000 ಡಾಲರ್ ಬಂದದ್ದು ಇಲ್ಲಿಂದ. ಅನೇಕ ಸದಸ್ಯರು ತಮ್ಮ ಪಕ್ಷದ ಬೇರೆ ಅಭ್ಯರ್ಥಿಗಳಿಗೆ ನೆರವಾಗಲು ‘ಲೀಡರ್‌ಶಿಪ್ ಪ್ಯಾಕ್’ ಇಟ್ಟುಕೊಂಡಿರುತ್ತಾರೆ. ಅದಕ್ಕೂ ವರ್ಷಕ್ಕೆ 5,000 ಕೊಡಬಹುದು. ಎರಡು ವರ್ಷ ಸೇರಿಸಿದರೆ ಒಬ್ಬ ಸದಸ್ಯರ ಸುತ್ತ ಒಟ್ಟು 20,000 ಡಾಲರ್.

1974ರಲ್ಲಿ ಬರೆದ ಈ 5,000 ಇಂದಿಗೂ ಬದಲಾಗಿಲ್ಲ. ಆಗಿನ ಆ ಮೊತ್ತ ಇಂದಿನ ಬೆಲೆಯಲ್ಲಿ 30,000 ಡಾಲರ್‌ಗೂ ಜಾಸ್ತಿ. ವ್ಯಕ್ತಿಗಳು ಅಭ್ಯರ್ಥಿಗೆ ನೇರವಾಗಿ ಕೊಡುವ ಮಿತಿ ಮಾತ್ರ ಬೆಲೆ ಏರಿದ ಹಾಗೆ ಏರುತ್ತದೆ. 2023-24ರಲ್ಲಿ ಒಂದು ಚುನಾವಣೆಗೆ 3,300 ಇದ್ದದ್ದು 2025-26ಕ್ಕೆ 3,500 ಆಯಿತು. ಅಭ್ಯರ್ಥಿ ತನ್ನದೇ ಹಣ ಹಾಕಿಕೊಂಡರೆ ಮಿತಿಯೇ ಇಲ್ಲ, ಸುಪ್ರೀಂ ಕೋರ್ಟಿನ 1976ರ ಬಕ್ಲಿ ತೀರ್ಪಿನ ಫಲ ಅದು. ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಆಯ್ಕೆಯಾದ ಶ್ರೀ ಥಾನೇದಾರ್ ಸ್ವಂತ ಹಣವನ್ನೇ ದೊಡ್ಡದಾಗಿ ಸುರಿದು ಗೆದ್ದವರು. ಅಂಥ ಅಭ್ಯರ್ಥಿಗೆ ಪ್ಯಾಕ್‌ನ 5,000 ಅಷ್ಟೇನೂ ತೂಕದ್ದಲ್ಲ.

ಹಾಗಾದರೆ ಬ್ಯಾಂಕ್ ಪ್ಯಾಕ್‌ಗಳ ಬಲ ಎಲ್ಲಿದೆ? ಸಂಖ್ಯೆಯಲ್ಲಿದೆ. ಒಂದೇ ಕಂಪನಿ ಹತ್ತು ಹುಂಡಿ ಇಟ್ಟರೂ ಎಲ್ಲಕ್ಕೂ ಸೇರಿ ಒಂದೇ ಮಿತಿ. ಆದರೆ ಜೆಪಿ ಮಾರ್ಗನ್ ಚೇಸ್, ಬ್ಯಾಂಕ್ ಆಫ್ ಅಮೆರಿಕ, ವೆಲ್ಸ್ ಫಾರ್ಗೊ, ಸಿಟಿ, ಇವಕ್ಕೆಲ್ಲ ಬೇರೆ ಬೇರೆ ಪ್ಯಾಕ್, ಬೇರೆ ಬೇರೆ ಮಿತಿ. ಇವುಗಳ ಜೊತೆಗೆ ಸಂಘಗಳು. 1875ರಲ್ಲಿ ಹುಟ್ಟಿದ ಅಮೆರಿಕನ್ ಬ್ಯಾಂಕರ್ಸ್ ಅಸೋಸಿಯೇಷನ್‌ನ ‘ಬ್ಯಾಂಕ್‌ಪ್ಯಾಕ್’, ಸಣ್ಣ ಊರುಗಳ ಬ್ಯಾಂಕುಗಳ ಸಂಘವಾದ ಐಸಿಬಿಎಯ ಪ್ಯಾಕ್. ಸಂಘದ ಪ್ಯಾಕ್ ಒಂದು ಸದಸ್ಯ ಬ್ಯಾಂಕಿನ ಅಧಿಕಾರಿಗಳ ಹತ್ತಿರ ಹಣ ಕೇಳಬೇಕಾದರೆ ಆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಒಂದು ಬ್ಯಾಂಕು ಒಂದು ವರ್ಷದಲ್ಲಿ ಒಂದೇ ಸಂಘಕ್ಕೆ ಹಾಗೆ ಒಪ್ಪಿಗೆ ಕೊಡಬಹುದು. ಅದಕ್ಕೇ ಆ ಒಂದು ಕಾಗದಕ್ಕೆ ಅಷ್ಟು ಬೆಲೆ.

ಪಕ್ಷ ನೋಡಬೇಡಿ, ಸಮಿತಿ ನೋಡಿ

ನಾನು ಮೊದಲು ಮಾಡಿದ ತಪ್ಪು ಏನೆಂದರೆ, ರಿಪಬ್ಲಿಕನ್‌ಗೆ ಎಷ್ಟು, ಡೆಮಾಕ್ರಾಟ್‌ಗೆ ಎಷ್ಟು ಎಂದು ಎಣಿಸುತ್ತಾ ಕೂತದ್ದು. ಬ್ಯಾಂಕ್ ಪ್ಯಾಕ್‌ಗಳು ಎರಡೂ ಕಡೆಗೆ ಕೊಡುತ್ತವೆ. ಅವು ಜಾಸ್ತಿ ನೋಡುವುದು ಕುರ್ಚಿಯನ್ನು. ಕೆಳಮನೆಯ ಹಣಕಾಸು ಸೇವೆಗಳ ಸಮಿತಿ ಮತ್ತು ಸೆನೆಟ್‌ನ ಬ್ಯಾಂಕಿಂಗ್ ಸಮಿತಿ, ಬ್ಯಾಂಕ್ ಮಸೂದೆಗಳು ಹಾದುಹೋಗುವ ಬಾಗಿಲುಗಳು ಇವೆರಡು. ಅಲ್ಲಿ ಕೂತವರಿಗೆ, ಅದರಲ್ಲೂ ಈಗಾಗಲೇ ಗೆದ್ದು ಕುರ್ಚಿಯಲ್ಲಿರುವವರಿಗೆ, ಚೆಕ್ ಮೊದಲು. ಹೊಸಬರಿಗೆ ಆಮೇಲೆ. 2025ರ ಜನವರಿಯಿಂದ ಕೆಳಮನೆಯ ಆ ಸಮಿತಿಯ ಅಧ್ಯಕ್ಷರಾಗಿರುವ ಫ್ರೆಂಚ್ ಹಿಲ್ ಸ್ವತಃ ಆರ್ಕನ್ಸಾದಲ್ಲಿ ಬ್ಯಾಂಕ್ ಕಟ್ಟಿ ನಡೆಸಿದವರು.

ಇದಕ್ಕೆ ಒಳ್ಳೆಯ ಉದಾಹರಣೆ ಮೊಂಟಾನಾದ ಡೆಮಾಕ್ರಾಟ್ ಸೆನೆಟರ್ ಆಗಿದ್ದ ಜಾನ್ ಟೆಸ್ಟರ್. 2008ರ ಆರ್ಥಿಕ ಬಿಕ್ಕಟ್ಟಿನ ನಂತರ ಬ್ಯಾಂಕುಗಳ ಮೇಲೆ ಹಿಡಿತ ಬಿಗಿ ಮಾಡಿದ 2010ರ ಡಾಡ್-ಫ್ರಾಂಕ್ ಕಾಯ್ದೆಯಲ್ಲಿ ಡೆಬಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವರಿಂದ ಬ್ಯಾಂಕುಗಳು ಪಡೆಯುವ ಶುಲ್ಕಕ್ಕೆ ಕಡಿವಾಣ ಹಾಕುವ ಒಂದು ಭಾಗ ಇತ್ತು. ಅದನ್ನು ಮುಂದೂಡಬೇಕು ಎಂದು 2011ರ ಜೂನ್‌ನಲ್ಲಿ ಟೆಸ್ಟರ್ ತಿದ್ದುಪಡಿ ತಂದರು. ಪರ 54, ವಿರುದ್ಧ 45. ಬೇಕಿದ್ದದ್ದು 60. ಬಿದ್ದುಹೋಯಿತು. ಒಂದು ಕಡೆ ಬ್ಯಾಂಕುಗಳು, ಇನ್ನೊಂದು ಕಡೆ ಅಂಗಡಿಗಳ ಸಂಘಗಳು. ಎರಡೂ ಕಡೆಯವರಿಗೂ ಪ್ಯಾಕ್‌ಗಳಿದ್ದವು ಎನ್ನುವುದನ್ನು ಮರೆಯಬೇಡಿ.

2018ರಲ್ಲಿ ದೊಡ್ಡ ಸುತ್ತು. ಅದೇ ಡಾಡ್-ಫ್ರಾಂಕ್ ಕಾಯ್ದೆಯಲ್ಲಿ ಬ್ಯಾಂಕಿನ ಮೇಲೆ ಕಠಿಣ ಮೇಲ್ವಿಚಾರಣೆ ತಾನಾಗಿಯೇ ಶುರುವಾಗುವ ಗೆರೆಯನ್ನು 50 ಬಿಲಿಯನ್ ಡಾಲರ್ ಆಸ್ತಿಯಿಂದ 250 ಬಿಲಿಯನ್‌ಗೆ ಏರಿಸುವ ಮಸೂದೆ ಬಂತು. ಸೆನೆಟ್‌ನಲ್ಲಿ 67-31, ಕೆಳಮನೆಯಲ್ಲಿ 258-159 ಮತಗಳಿಂದ ಗೆದ್ದಿತು. ಸೆನೆಟ್‌ನಲ್ಲಿ 16 ಡೆಮಾಕ್ರಾಟರು ಕೈ ಜೋಡಿಸಿದ್ದರು. ಮಸೂದೆಯ ರೂಪ ಹಾಕಿದವರಲ್ಲಿ ಟೆಸ್ಟರ್ ಜೊತೆ ನಾರ್ತ್ ಡಕೋಟಾದ ಹೈಡಿ ಹೈಟ್‌ಕ್ಯಾಂಪ್, ಇಂಡಿಯಾನಾದ ಜೋ ಡೊನೆಲಿ ಇದ್ದರು. ಮೂವರಿಗೂ ಅದೇ ನವೆಂಬರ್‌ನಲ್ಲಿ ಚುನಾವಣೆ. ಆ ಅವಧಿಯಲ್ಲಿ ಬ್ಯಾಂಕ್ ವಲಯದ ದೇಣಿಗೆ ಜಾಸ್ತಿ ಪಡೆದ ಸೆನೆಟರ್‌ಗಳ ಸಾಲಿನಲ್ಲಿ ಮೂವರ ಹೆಸರೂ ಇತ್ತು.

ಇದನ್ನು ಓದಿ ‘ಮತ ಕೊಂಡುಕೊಂಡರು’ ಎಂದು ಬರೆದುಬಿಡಲು ಕೈ ತುರಿಸುತ್ತದೆ. ತಡೆಯಿರಿ. ಟೆಸ್ಟರ್ ಸಣ್ಣ ಊರುಗಳ ರಾಜ್ಯದವರು, ಊರಿನ ಬ್ಯಾಂಕುಗಳ ಪರ ಅವರು 2011ರಲ್ಲೇ ನಿಂತಿದ್ದರು. ಪ್ಯಾಕ್‌ಗಳು ಮೊದಲೇ ತಮ್ಮ ಕಡೆ ಒಲವಿರುವವರನ್ನು ಹುಡುಕಿ ಕೊಡುತ್ತವೆ. ಹಣ ಬಂದು ಮತ ಬಂತೋ, ಮತ ನೋಡಿ ಹಣ ಬಂತೋ ಎನ್ನುವುದನ್ನು ಒಂದು ಚೆಕ್ ನೋಡಿ ಹೇಳಲಾಗದು. ಹಣ ಗೆಲುವನ್ನೂ ತರಲಿಲ್ಲ. ಟೆಸ್ಟರ್ ಗೆದ್ದರು, ಹೈಟ್‌ಕ್ಯಾಂಪ್ ಮತ್ತು ಡೊನೆಲಿ ಸೋತರು. ಆದರೆ ಕಾಯ್ದೆ ಉಳಿಯಿತು. 2022ರ ಕೊನೆಗೆ ಸುಮಾರು 209 ಬಿಲಿಯನ್ ಡಾಲರ್ ಆಸ್ತಿ ಇದ್ದ ಸಿಲಿಕಾನ್ ವ್ಯಾಲಿ ಬ್ಯಾಂಕ್, ಅಂದರೆ ಹೊಸ ಗೆರೆಯ ಕೆಳಗಿದ್ದ ಬ್ಯಾಂಕ್, 2023ರ ಮಾರ್ಚ್ 10ರಂದು ಮುಳುಗಿತು. ಗೆರೆ ಏರಿಸಿದ್ದೇ ಕಾರಣವೇ ಎನ್ನುವ ವಾದ ಇನ್ನೂ ನಡೆಯುತ್ತಿದೆ. ನನ್ನ ಮಟ್ಟಿಗೆ ಮುಖ್ಯವಾದದ್ದು, ಆ ಬ್ಯಾಂಕಿನ ಮುಖ್ಯಸ್ಥರು 2015ರಲ್ಲೇ ಅದೇ ಸೆನೆಟ್ ಸಮಿತಿಗೆ ಗೆರೆ ಏರಿಸಿ ಎಂದು ಲಿಖಿತವಾಗಿ ಕೇಳಿದ್ದರು. ಚೆಕ್ ಒಂದು ದಾರಿ, ಸಮಿತಿಯ ಮುಂದೆ ಹೇಳಿಕೆ ಇನ್ನೊಂದು ದಾರಿ. ಎರಡನ್ನೂ ಒಟ್ಟಿಗೆ ಓದಬೇಕು.

ಪ್ಯಾಕ್ ಹಣ ನಿಂತದ್ದೂ ಇದೆ. 2021ರ ಜನವರಿ 6ರ ಸಂಸತ್ ದಾಳಿಯ ನಂತರ ಜೆಪಿ ಮಾರ್ಗನ್ 6 ತಿಂಗಳು, ಸಿಟಿ 3 ತಿಂಗಳು ಎರಡೂ ಪಕ್ಷಗಳಿಗೆ ದೇಣಿಗೆ ನಿಲ್ಲಿಸಿದವು. ಆಮೇಲೆ ಮತ್ತೆ ಶುರು ಮಾಡಿದ ಜೆಪಿ ಮಾರ್ಗನ್, 2020ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶಕ್ಕೆ ಆಕ್ಷೇಪ ಎತ್ತಿ ಮತ ಹಾಕಿದ್ದ 147 ರಿಪಬ್ಲಿಕನ್ ಸದಸ್ಯರಿಗೆ ಆ ಚುನಾವಣಾ ಅವಧಿಯಲ್ಲಿ ಕೊಡುವುದಿಲ್ಲ ಎಂದಿತು.

ಸೂಪರ್ ಪ್ಯಾಕ್ ಬೇರೆ ಜಾತಿ, ಇದರ ಜೊತೆ ಕಲಸಬೇಡಿ. ನ್ಯಾಯಾಲಯಗಳ 2010ರ ತೀರ್ಪುಗಳ ನಂತರ ಬಂದದ್ದು ಅದು. ಮಿತಿಯಿಲ್ಲದೆ ಹಣ ಪಡೆಯಬಹುದು, ಜಾಹೀರಾತು ಕೊಡಬಹುದು, ಆದರೆ ಅಭ್ಯರ್ಥಿಯ ಕೈಗೆ ಒಂದು ಡಾಲರೂ ಕೊಡುವಂತಿಲ್ಲ.

ಕೊನೆಗೆ, ಕೈಯಾರೆ ಮಾಡಿ ನೋಡಲು ಒಂದು ಕೆಲಸ. ಎಫ್‌ಇಸಿಯ ದಾಖಲೆಯಲ್ಲಿ ಯಾವುದಾದರೂ ಒಂದು ಬ್ಯಾಂಕ್ ಪ್ಯಾಕ್‌ನ ಫಾರ್ಮ್ 3ಎಕ್ಸ್ ತೆಗೆಯಿರಿ. ಶೆಡ್ಯೂಲ್ ಎ ಹುಂಡಿಗೆ ಬಂದದ್ದು, ಶೆಡ್ಯೂಲ್ ಬಿ ಹೋದದ್ದು. ಅಭ್ಯರ್ಥಿಗಳ ಚೆಕ್‌ಗಳು ಸಾಲು 23ರಲ್ಲಿ ಸಿಗುತ್ತವೆ. ಪ್ರತಿ ಹೆಸರಿನ ಪಕ್ಕ ಪ್ರೈಮರಿಯೋ ನವೆಂಬರ್ ಚುನಾವಣೆಯೋ ಎಂದು ಗುರುತು ಇರುತ್ತದೆ. ಆ ಹೆಸರುಗಳ ಎದುರು ಅವರು ಇರುವ ಸಮಿತಿಯನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗಿ. ನಡುವೆ ಕೆಲವು ಮೊತ್ತಗಳ ಹಿಂದೆ ಮೈನಸ್ ಗುರುತು ಕಂಡರೆ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ. ಕೊಟ್ಟ ಚೆಕ್ ನಗದಾಗದೆ ರದ್ದಾದದ್ದು ಅದು. ಕಂಪನಿ ಪ್ಯಾಕ್‌ಗಳ ಹಣ ಬೇಡ ಎಂದು ಚೆಕ್ಕನ್ನು ನಗದು ಮಾಡದೆ ವಾಪಸ್ ಕಳಿಸಿದ ಅಭ್ಯರ್ಥಿಯೂ ಹೀಗೇ ಸಿಗಬಹುದು. ಆ ಸಾಲುಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿಕೊಳ್ಳಿ.