ಮುಖ್ಯ ಅತಿಥಿಗಳ ಹೆಸರಿದೆ, ಓಡಿದ ಮಗುವಿನ ಸಮಯ ಎಲ್ಲಿ?

ಒಂದು ದಿನಪತ್ರಿಕೆಯ ಕ್ರೀಡಾ ಪುಟದಲ್ಲಿ ಹಲವು ವರ್ಷ ದುಡಿದು, ಈಗ ಶಿವಮೊಗ್ಗದಲ್ಲಿ ಪುಟವಿನ್ಯಾಸದ ಕೆಲಸ ಮಾಡಿಕೊಂಡಿರುವ ನನ್ನ ಬಳಿಗೆ ದಸರಾ ರಜೆ ಮುಗಿಯುತ್ತಿದ್ದಂತೆ ಶಾಲೆಗಳ ಕ್ರೀಡಾ ವಾರ್ತಾಪತ್ರಗಳು ಬರತೊಡಗುತ್ತವೆ. ವಲಯ, ತಾಲ್ಲೂಕು, ಜಿಲ್ಲಾ ಮಟ್ಟದ ಕೂಟಗಳು ಅಷ್ಟು ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತವೆ. ನಾಲ್ಕು ಪುಟದ ಪತ್ರಕ್ಕೆ ಬೇಕಾದ ಸಾಮಗ್ರಿಯನ್ನು ಶಾಲೆಯವರು ಬಹಳ ಪ್ರೀತಿಯಿಂದಲೇ ಕಳುಹಿಸುತ್ತಾರೆ. ಅದನ್ನು ತೆರೆದಾಗ ಮೊದಲು ಸಿಗುವುದು ಉದ್ಘಾಟನೆಯ ಚಿತ್ರ, ಅನಂತರ ಧ್ವಜಾರೋಹಣದ್ದು, ಅನಂತರ ವೇದಿಕೆಯ ಮೇಲೆ ಸಾಲಾಗಿ ಕುಳಿತ ಗಣ್ಯರದು, ಕೊನೆಗೆ ಬಹುಮಾನ ವಿತರಣೆಯದು. ಅತಿಥಿಗಳ ಹೆಸರು, ಪದವಿ, ಇನಿಷಿಯಲ್ ಎಲ್ಲವೂ ಒಂದು ಚುಕ್ಕಿಯೂ ತಪ್ಪದಂತೆ ಬಂದಿರುತ್ತವೆ. ಆಟ ಆಡಿದ ಮಕ್ಕಳ ಬಗ್ಗೆ ಮಾತ್ರ ಒಂದೇ ಒಂದು ವಾಕ್ಯ: "ನಮ್ಮ ಶಾಲೆಯ ವಿದ್ಯಾರ್ಥಿಗಳು ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಭಾಗವಹಿಸಿ, ಉತ್ತಮ ಪ್ರದರ್ಶನ ನೀಡಿ, ಶಾಲೆಗೆ ಕೀರ್ತಿ ತಂದಿರುತ್ತಾರೆ."

ಈ ವಾಕ್ಯವನ್ನು ನಾನು ಎಷ್ಟು ಸಲ ಅಚ್ಚಿಗೆ ಕಳುಹಿಸಿದ್ದೇನೋ ಲೆಕ್ಕವಿಲ್ಲ, ಮತ್ತು ಪ್ರತಿ ಸಲವೂ ನನಗೆ ಬೇಸರವಾಗಿದೆ. ಯಾವ ಶಾಲೆ ಬೇಕಾದರೂ, ಯಾವ ವರ್ಷ ಬೇಕಾದರೂ ಇದನ್ನು ಬರೆಯಬಹುದು. ಯಾರು ಓಡಿದರು, ಎಷ್ಟು ದೂರ ಓಡಿದರು, ಎಷ್ಟು ಹೊತ್ತಿನಲ್ಲಿ ಮುಗಿಸಿದರು, ಎಷ್ಟನೆಯವರಾಗಿ ಬಂದರು ಎಂಬುದೊಂದೂ ಇದರಲ್ಲಿಲ್ಲ. ಪುಟ ಎಷ್ಟಿರಬೇಕು, ಬಣ್ಣ ಯಾವುದಿರಬೇಕು, ಲಾಂಛನ ಎಲ್ಲಿ ಬರಬೇಕು ಎಂದು ಶಾಲೆಯವರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಅವೆಲ್ಲ ನಾವು ಸರಿ ಮಾಡಿಕೊಡಬಹುದಾದ ಸಂಗತಿಗಳು. ಮೈದಾನದಲ್ಲಿ ಅಳೆದ ಅಳತೆಯನ್ನು ಅಂದೇ ಬರೆದಿಟ್ಟುಕೊಳ್ಳದಿದ್ದರೆ ಅದನ್ನು ಮಾತ್ರ ಯಾವ ವಿನ್ಯಾಸಕಾರನೂ ಆಮೇಲೆ ತಂದುಕೊಡಲಾರ.

ಹಾಗಾಗಿ ಈ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಕ್ರೀಡಾ ವಾರ್ತಾಪತ್ರದ ಜೀವ ಇರುವುದು ಫಲಿತಾಂಶದ ಸಾಲಿನಲ್ಲಿ. ಒಳ್ಳೆಯ ಫಲಿತಾಂಶದ ಸಾಲು ಹೀಗಿರುತ್ತದೆ: ಹುಡುಗಿಯ ಹೆಸರು, ಎಂಟನೇ ತರಗತಿ 'ಬಿ' ವಿಭಾಗ, 14 ವರ್ಷದೊಳಗಿನ ಬಾಲಕಿಯರ 600 ಮೀಟರ್ ಓಟ, ತಾಲ್ಲೂಕು ಮಟ್ಟ, 1 ನಿಮಿಷ 58.4 ಸೆಕೆಂಡ್, ನಾಲ್ಕನೇ ಸ್ಥಾನ. ವಿಶೇಷಣ ಒಂದೂ ಇಲ್ಲ, ಆದರೂ ಓದಿದವರಿಗೆ ಆ ಓಟ ಕಣ್ಣಿಗೆ ಕಟ್ಟುತ್ತದೆ. ವಯೋಮಿತಿ ಬರೆಯದಿದ್ದರೆ ಅಳತೆಗೆ ಅರ್ಥವಿಲ್ಲ, ಏಕೆಂದರೆ ಶಾಲಾ ಕ್ರೀಡೆಗಳು ನಡೆಯುವುದೇ 14, 17, 19 ವರ್ಷದೊಳಗಿನವರು ಎಂಬ ವಿಭಾಗಗಳಲ್ಲಿ. ಗುಂಡು ಎಸೆತದಲ್ಲಿ ಗುಂಡಿನ ತೂಕವನ್ನೂ ಬರೆಯಬೇಕು. ಮೂರು ಕಿಲೋ ಗುಂಡನ್ನು ಒಂಬತ್ತು ಮೀಟರ್ ಎಸೆಯುವುದೂ ನಾಲ್ಕು ಕಿಲೋ ಗುಂಡನ್ನು ಒಂಬತ್ತು ಮೀಟರ್ ಎಸೆಯುವುದೂ ಒಂದೇ ಅಲ್ಲವೆಂದು ದೈಹಿಕ ಶಿಕ್ಷಣ ಶಿಕ್ಷಕರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಪತ್ರವನ್ನು ಓದುವ ತಾಯಿ ತಂದೆಯರಿಗೆ ಅದನ್ನು ಯಾರಾದರೂ ಹೇಳಬೇಕು.

ಸಮಯವನ್ನು ಬರೆಯುವಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಮೊಬೈಲಿನಲ್ಲಿ ಅಥವಾ ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನಲ್ಲಿ 13.31 ಎಂದು ತೋರಿಸಿತೆಂದು ಅದನ್ನು ಹಾಗೆಯೇ ಬರೆದು ಕಳುಹಿಸುತ್ತಾರೆ. ಗುಂಡಿ ಒತ್ತುವ ಬೆರಳಿಗೆ ಸೆಕೆಂಡಿನ ನೂರನೇ ಒಂದು ಭಾಗವನ್ನು ಹಿಡಿಯುವ ಶಕ್ತಿ ಇಲ್ಲ. ಆದ್ದರಿಂದಲೇ ಟ್ರ್ಯಾಕಿನ ಓಟಗಳಲ್ಲಿ ಕೈಯಿಂದ ಅಳೆದ ಸಮಯವನ್ನು ಮುಂದಿನ ಹತ್ತನೇ ಭಾಗಕ್ಕೆ ಏರಿಸಿ ದಾಖಲಿಸಬೇಕೆಂಬುದು ಅಥ್ಲೆಟಿಕ್ಸ್ ನಿಯಮ, 13.31 ಎಂಬುದು 13.4 ಆಗುತ್ತದೆ. ಜಿಗಿತ ಮತ್ತು ಎಸೆತಗಳಲ್ಲಿ ಇದು ತಿರುವುಮುರುವು. ಅಲ್ಲಿ ಸೆಂಟಿಮೀಟರಿಗಿಂತ ಕಡಿಮೆ ಉಳಿದದ್ದನ್ನು ಬಿಟ್ಟುಬಿಡಬೇಕು. ಟೇಪು 4 ಮೀಟರ್ 23 ಸೆಂಟಿಮೀಟರಿನ ಗೆರೆ ದಾಟಿ 24ನ್ನು ಮುಟ್ಟದಿದ್ದರೆ ಬರೆಯಬೇಕಾದದ್ದು 4.23. ಎರಡೂ ಕಡೆ ನಿಯಮದ ಮನಸ್ಸು ಒಂದೇ: ಖಚಿತವಾಗಿ ಸಾಧಿಸಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಕೊಡಬಾರದು. ಹತ್ತನೇ ಭಾಗದವರೆಗೆ ಮಾತ್ರ ಬರೆದರೆ ಅದು ಕೈಯಿಂದ ಅಳೆದ ಸಮಯವೆಂದು ತಿಳಿದವರಿಗೆ ತಿಳಿಯುತ್ತದೆ. ಮಗು ಮುಂದೊಮ್ಮೆ ರಾಜ್ಯ ಮಟ್ಟಕ್ಕೆ ಹೋಗಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಂಥ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಎಲೆಕ್ಟ್ರಾನಿಕ್ ಗಡಿಯಾರದ ಎದುರು ಓಡಿದಾಗ ಸಮಯ ಹೆಚ್ಚಾದಂತೆ ಕಂಡರೆ, ಮಗು ಹಿಂದೆ ಬಿದ್ದಿದೆಯೆಂದು ಯಾರೂ ಗಾಬರಿಯಾಗಬೇಕಾಗಿಲ್ಲ. ಸ್ಟಾಪ್‌ವಾಚ್ ಹಿಡಿದವರು ಆರಂಭದ ಸದ್ದು ಕೇಳಿ ಗುಂಡಿ ಒತ್ತುವುದು ತಡವಾಗುವುದರಿಂದ ಸಮಯ ಕಡಿಮೆ ಬರುತ್ತದೆ. 100 ಮೀಟರ್ ಓಟಕ್ಕೆ ಈ ವ್ಯತ್ಯಾಸವನ್ನು 0.24 ಸೆಕೆಂಡ್ ಎಂದು ಲೆಕ್ಕ ಹಾಕುವ ರೂಢಿಯೂ ಇದೆ.

ತಂಡದ ಆಟಗಳಿಗೂ ಇದೇ ಮಾತು. "ಖೊಖೊ ತಂಡ ಪ್ರಥಮ" ಎಂದು ಬರೆದು ಮುಗಿಸುವುದು ಆ ಆಟಕ್ಕೆ ಮಾಡುವ ಅನ್ಯಾಯ. ಖೊಖೊದಲ್ಲಿ ಅಂಕಗಳಷ್ಟೇ ಮುಖ್ಯವಾದದ್ದು ಓಡುವವರು ಔಟಾಗದೆ ನಿಂತ ಸಮಯ. ಮೂವರ ಗುಂಪಿನಲ್ಲಿ ಒಳಗೆ ಹೋಗಿ, ಜೊತೆಯ ಇಬ್ಬರೂ ಔಟಾದ ಮೇಲೂ ಕಂಬದಿಂದ ಕಂಬಕ್ಕೆ ಜಿಗ್‌ಜಾಗ್ ಹಾಕುತ್ತ ಎರಡೂವರೆ ನಿಮಿಷ ಕಳೆದ ಹುಡುಗನ ಕಥೆ ತೀರ್ಪುಗಾರರ ಸ್ಕೋರ್ ಷೀಟಿನಲ್ಲಿ ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ. ಕಬಡ್ಡಿಯಲ್ಲಿ ಯಾರು ಎಷ್ಟು ರೈಡ್ ಅಂಕ ತಂದರು, ಎದುರು ತಂಡವನ್ನು ಆಲೌಟ್ ಮಾಡಿ ಹೆಚ್ಚುವರಿ ಎರಡು ಅಂಕ ಗಳಿಸಿದ್ದು ವಿರಾಮಕ್ಕೆ ಮೊದಲೋ ಆಮೇಲೋ ಎಂಬುದೂ ಅಲ್ಲಿರುತ್ತದೆ. ಪಂದ್ಯ ಮುಗಿದ ಕೂಡಲೇ ಆ ಹಾಳೆಯ ಒಂದು ಫೋಟೊ ತೆಗೆದುಕೊಂಡರೆ ಸಾಕು. ಮಾರನೆಯ ದಿನ ಕೇಳಿದರೆ ಹಾಳೆ ಎಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಅದರಲ್ಲೂ ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲೇ ಕೂಟಗಳು ನಡೆಯುವುದರಿಂದ, ಸಂಜೆಯ ಹೊತ್ತಿಗೆ ಆ ಹಾಳೆ ಒದ್ದೆಯಾಗಿ ಶಾಯಿ ಹರಡಿಹೋಗಿರುವುದೂ ಉಂಟು.

ಇಷ್ಟೆಲ್ಲ ಅಳತೆ ಯಾಕೆ, ಗೆದ್ದವರ ಹೆಸರು ಹಾಕಿದರೆ ಸಾಲದೇ ಎಂದು ಮುಖ್ಯೋಪಾಧ್ಯಾಯರು ಕೇಳುವುದಿದೆ. ನನ್ನ ಉತ್ತರ ಯಾವಾಗಲೂ ಒಂದೇ. ಒಂದು ಶಾಲೆಯಿಂದ ನಲವತ್ತು ಮಕ್ಕಳು ಕೂಟಕ್ಕೆ ಹೋದರೆ ಪದಕ ಬರುವುದು ಐದಾರು ಮಂದಿಗೆ. ಸ್ಥಾನವನ್ನು ಮಾತ್ರ ಬರೆಯುವ ಪತ್ರದಲ್ಲಿ ಉಳಿದವರಿಗೆ ಜಾಗವೇ ಇಲ್ಲ. ಅಳತೆಯನ್ನು ಬರೆಯುವ ಪತ್ರದಲ್ಲಿ ನಲವತ್ತೂ ಮಂದಿಗೆ ಜಾಗವಿದೆ, ಏಕೆಂದರೆ ಏಳನೆಯವನಾಗಿ ಬಂದ ಹುಡುಗನೂ ಜೂನ್ ತಿಂಗಳಲ್ಲಿ ತಾನು ಓಡಿದ್ದಕ್ಕಿಂತ ಎರಡು ಸೆಕೆಂಡ್ ಬೇಗ ಓಡಿರಬಹುದು. ಮುಂದಿನ ವರ್ಷವೂ ಮೈದಾನಕ್ಕೆ ಬರಬೇಕೋ ಬೇಡವೋ ಎಂದು ಅವನು ನಿರ್ಧರಿಸುವುದು ಬಹುಶಃ ಆ ಎರಡು ಸೆಕೆಂಡನ್ನು ಯಾರಾದರೂ ಗಮನಿಸಿದರೋ ಇಲ್ಲವೋ ಎಂಬುದರ ಮೇಲೆ.

ಒಂದು ಮಾತನ್ನು ಎಚ್ಚರಿಕೆಯಿಂದಲೇ ಸೇರಿಸಬೇಕು. ಅಳತೆ ಕೈಗೆ ಸಿಕ್ಕಿತೆಂದು "ದಾಖಲೆ" ಎಂಬ ಪದವನ್ನು ಬಳಸಲು ಅವಸರ ಮಾಡಬಾರದು. ನಮ್ಮ ಶಾಲಾ ಮೈದಾನಗಳಲ್ಲಿ ಸುಣ್ಣದ ಪುಡಿಯಿಂದ ಗುರುತು ಹಾಕಿದ 200 ಮೀಟರಿನ ಟ್ರ್ಯಾಕು ನಿಜವಾಗಿ 200 ಮೀಟರ್ ಇದೆಯೇ, ತಿರುವಿನಲ್ಲಿ ಹೊರ ಸಾಲಿನವರಿಗೆ ಕೊಟ್ಟ ಮುನ್ನಡೆ ಸರಿಯಾಗಿದೆಯೇ ಎಂಬುದನ್ನು ಟೇಪು ಹಿಡಿದೇ ಹೇಳಬೇಕು. ಹಿಂದಿನಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿದ್ದರೆ 100 ಮೀಟರ್, 200 ಮೀಟರ್ ಓಟ ಮತ್ತು ಉದ್ದ ಜಿಗಿತಗಳಲ್ಲಿ ದಾಖಲೆಯನ್ನು ಒಪ್ಪುವುದಿಲ್ಲ. ಶಾಲೆಗಳಲ್ಲಿ ಗಾಳಿಯನ್ನು ಅಳೆಯುವ ಸಾಧನವೇ ಇರುವುದಿಲ್ಲ. ಆದ್ದರಿಂದ "ಈ ಸಾಲಿನ ಶಾಲಾ ಕೂಟದ ಉತ್ತಮ ಸಮಯ" ಎಂದು ಬರೆದರೆ ಸಾಕೆಂದು ನಾನು ಸಲಹೆ ಕೊಡುತ್ತೇನೆ.

ಹೆಸರುಗಳ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಒಂದೇ ತರಗತಿಯಲ್ಲಿ ಮೂವರು ಮಂಜುನಾಥರಿರುವ ಊರು ನಮ್ಮದು. ಇನಿಷಿಯಲ್ ಬಿಟ್ಟರೆ ಮೂರೂ ಮನೆಗಳಲ್ಲಿ ಪ್ರಶ್ನೆ ಏಳುತ್ತದೆ. ದಾಖಲಾತಿ ಪುಸ್ತಕದ ಇಂಗ್ಲಿಷ್ ಕಾಗುಣಿತವನ್ನು ನೋಡಿ ನಾವು ಕನ್ನಡಕ್ಕೆ ತಂದಾಗ ಆಯಿಷಾ ಎಂಬುದು ಆಯೇಷಾ ಆಗುತ್ತದೆ, ತನುಜಾ ಎಂಬುದು ತನೂಜಾ ಆಗುತ್ತದೆ. ಇದರ ಮೇಲೆ ಫಾಂಟಿನ ಕಾಟ ಬೇರೆ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಸ್ಥಾನ ತಪ್ಪಿದ, ಒತ್ತಕ್ಷರ ಕಳಚಿದ ಉದಾಹರಣೆಗಳನ್ನು ಬಹಳ ನೋಡಿದ್ದೇನೆ. ಕರಡಚ್ಚಿನಲ್ಲಿರುವ ತಮ್ಮ ಹೆಸರನ್ನು ಮಕ್ಕಳಿಂದಲೇ ಓದಿಸಿ, ಪಕ್ಕದಲ್ಲಿ ಸಹಿ ಹಾಕಿಸಿಕೊಂಡು ಬನ್ನಿ ಎಂದು ನಾನು ಶಿಕ್ಷಕರಿಗೆ ಹೇಳುತ್ತೇನೆ. ಅರ್ಧ ದಿನದ ಕೆಲಸ ಅದು. ಮಾಡಿಸಿದವರು ಯಾರೂ ಪಶ್ಚಾತ್ತಾಪಪಟ್ಟಿಲ್ಲ.

ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳುಹಿಸಿದ್ದು ಕುಗ್ಗಿ ಬರುವುದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು, ಮತ್ತು ಚಿತ್ರದಲ್ಲಿರುವ ಪ್ರತಿ ಮಗುವಿನ ಹೆಸರೂ ಎಡದಿಂದ ಬಲಕ್ಕೆ ಅಡಿಬರಹದಲ್ಲಿ ಇರಬೇಕು. ಪತ್ರವನ್ನು ಪೋಷಕರ ಗುಂಪುಗಳಲ್ಲಿ ಹಂಚುವುದಾದರೆ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯುವುದು ಕ್ಷೇಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅದರ ಸೂಕ್ಷ್ಮಗಳನ್ನು ಶಾಲೆಯವರು ವಕೀಲರಿಂದಲೇ ತಿಳಿದುಕೊಳ್ಳಬೇಕು. ಕಾನೂನು ಏನೇ ಇರಲಿ, ಮಗುವಿನ ಮನೆಯ ವಿಳಾಸ, ಕಬಡ್ಡಿಗೆಂದು ನೋಡಿದ ದೇಹದ ತೂಕ, ಆಡಲಾಗದ್ದಕ್ಕೆ ಕಾರಣವಾದ ಕಾಯಿಲೆ ಇವು ಪತ್ರದಲ್ಲಿ ಬರಬಾರದು. "ಆಡಲಿಲ್ಲ" ಎಂದಷ್ಟೇ ಬರೆಯಬಹುದು.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನಮ್ಮ ಕಚೇರಿಯ ವಿಳಾಸವನ್ನು ಪತ್ರದ ಕೊನೆಯ ಪುಟದಲ್ಲಿ ನೋಡಿ ಹುಡುಕಿಕೊಂಡು ಬಂದಿದ್ದರು. ಅಡಿಕೆ ಸುಲಿಯುವ ಕೆಲಸ ಅವರದು. ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ನಾಲ್ಕಾಗಿ ಮಡಚಿದ ವಾರ್ತಾಪತ್ರವನ್ನು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿದರು. "ಸಾರ್, ನನ್ನ ಮಗಳು ರಿಲೆಯಲ್ಲಿ ಓಡಿದಾಳೆ ಅಂದ್ರು. ಇದರಲ್ಲಿ ಎಲ್ಲಿದಾಳೆ ಸಾರ್?" ಎಂದು ಕೇಳಿದರು. "ವಿಜೇತ ತಂಡದೊಂದಿಗೆ ಗಣ್ಯರು" ಎಂಬ ಅಡಿಬರಹದ ಮೇಲಿನ ಚಿತ್ರದಲ್ಲಿ ಮುಂದೆ ಐವರು ಹಿರಿಯರು ನಿಂತಿದ್ದರು, ಹಿಂದೆ ಎರಡು ಜಡೆಗಳು ಕಾಣುತ್ತಿದ್ದವು. ಅದು ಅವರ ಮಗಳ ಜಡೆ ಹೌದೋ ಅಲ್ಲವೋ ಎಂದು ಇಬ್ಬರೂ ಬಹಳ ಹೊತ್ತು ನೋಡಿದೆವು. ಆ ಪುಟವನ್ನು ಕಟ್ಟಿದ್ದು ನಾನೇ. ಆ ಮಧ್ಯಾಹ್ನದ ನಂತರ ಹೆಸರಿಲ್ಲದ ತಂಡದ ಚಿತ್ರವನ್ನು ನಾನು ಪುಟಕ್ಕೆ ಹಾಕಿಲ್ಲ. ಶಾಲೆಯವರು ಬೇಸರಪಟ್ಟರೂ ಹೆಸರು ಬರುವವರೆಗೆ ಕಾಯುತ್ತೇನೆ.

ಇದಕ್ಕೆ ತದ್ವಿರುದ್ಧವಾದ ಅನುಭವವನ್ನು ಕೊಟ್ಟವರು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು. ಅವರ ಶಾಲೆಯ ಪತ್ರ ಒಂದೇ ಹಾಳೆ, ಎರಡೂ ಬದಿ, ಕಪ್ಪು ಬಿಳುಪು. ಪ್ರೂಫ್ ನೋಡಲು ಬರುವಾಗ ಅವರು ಉದ್ದನೆಯ ರೂಲ್ಡ್ ನೋಟ್‌ಬುಕ್ಕೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತರುತ್ತಾರೆ. ಒಂದೊಂದು ಮಗುವಿಗೆ ಒಂದೊಂದು ಪುಟ, ಎಡಗಡೆ ದಿನಾಂಕ, ಬಲಗಡೆ ಅಳತೆ. ಕಳೆದ ಸಲ ಎತ್ತರ ಜಿಗಿತದ ಒಬ್ಬ ಹುಡುಗಿಯ ಪುಟವನ್ನು ಅವರು ನನಗೆ ತೋರಿಸಿದರು: ಜೂನ್‌ನಲ್ಲಿ 1.12, ಜುಲೈನಲ್ಲಿ 1.15, ಆಮೇಲೆ ಮೂರು ವಾರ "ಜ್ವರ", ಮತ್ತೆ 1.15, ತಾಲ್ಲೂಕು ಕೂಟದ ದಿನ 1.24. ಆಕೆ ಅಲ್ಲಿ ಐದನೆಯವಳು. ನಾವು ಜ್ವರದ ಸಾಲನ್ನು ಬಿಟ್ಟು ಉಳಿದ ನಾಲ್ಕು ಅಳತೆಗಳನ್ನೂ ದಿನಾಂಕದೊಂದಿಗೆ ಅವಳ ಹೆಸರಿನ ಕೆಳಗೆ ಹಾಕಿದೆವು. ಪತ್ರ ಹಂಚಿದ ದಿನ ಸಂಜೆ ಮೇಷ್ಟ್ರು ಫೋನ್ ಮಾಡಿದರು. ಜುಲೈನ ದಿನಾಂಕ ಒಂದು ದಿನ ಹಿಂದೆ ಮುಂದೆ ಆಗಿದೆಯೆಂದು ಹುಡುಗಿ ಬಂದು ಹೇಳಿದಳಂತೆ. ನೋಟ್‌ಬುಕ್ ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕೆಂದು ಅವರು ಕೇಳಿದರು, ಮೊದಲ ಪುಟದಲ್ಲೇ ಅದಕ್ಕೆ ಜಾಗ ಬಿಟ್ಟಿದ್ದೇನೆ.