ಓಡಿ ಬಡ್ಡಿ: ದಿನ ಎಣಿಸುವ ಲೆಕ್ಕ, ಅದಕ್ಕಿಂತ ಅಗ್ಗದ ಸಾಲ

ಬ್ಯಾಂಕಿಂಗ್ ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಅಂಗಡಿ ನಡೆಸುವವರಿಗೂ ಉಪಯೋಗಕ್ಕೆ ಬರುತ್ತದೆ. ಓಡಿ (ಓವರ್‌ಡ್ರಾಫ್ಟ್) ಅಂದರೆ ಖಾತೆಯಲ್ಲಿ ಹಣ ಇಲ್ಲದಿದ್ದರೂ ಬ್ಯಾಂಕ್ ಒಪ್ಪಿದ ಮಿತಿಯವರೆಗೆ ತೆಗೆದು, ಕೈಗೆ ಹಣ ಬಂದಾಗ ಕಟ್ಟುವ ಸಾಲ. ಆ ಮಿತಿಯೇ ಲಿಮಿಟ್.

ಬಡ್ಡಿ ಯಾಕೆ ಏರಿತು

2019ರ ಅಕ್ಟೋಬರ್ 1ರಿಂದ ಸಣ್ಣ ಉದ್ದಿಮೆಗಳಿಗೆ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ದರ ಬದಲಾಗುತ್ತಿರುವ) ಸಾಲಗಳ ಬಡ್ಡಿ ಹೊರಗಿನ ಒಂದು ದರದ ಜೊತೆ ಏರಿಳಿಯಬೇಕು. ಹೆಚ್ಚಿನ ಬ್ಯಾಂಕುಗಳು ರೆಪೊ ದರವನ್ನೇ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನೇ, ಹಿಡಿದಿವೆ. 2022ರ ಮೇ ಆರಂಭದಲ್ಲಿ ಶೇ 4 ಇದ್ದ ರೆಪೊ 2023ರ ಫೆಬ್ರವರಿಗೆ ಶೇ 6.5 ಆಯಿತು. ಓಡಿ ಬಡ್ಡಿಯೂ ಅದರ ಹಿಂದೆಯೇ ಹತ್ತಿತು. 2025ರಲ್ಲಿ ಇಳಿಕೆ ಶುರುವಾಗಿ ಜೂನ್ ಹೊತ್ತಿಗೆ ರೆಪೊ ಶೇ 5.5ಕ್ಕೆ ಬಂತು. ನಿಮ್ಮ ಖಾತೆ ಇನ್ನೂ ಹಳೆಯ ಎಂಸಿಎಲ್‌ಆರ್ ಪದ್ಧತಿಯಲ್ಲೇ (ಬ್ಯಾಂಕ್ ತಾನು ಹಣ ಹೊಂದಿಸುವ ಖರ್ಚು ನೋಡಿ ದರ ಇಡುವುದು) ಇದ್ದರೆ ಈ ಇಳಿಕೆ ಅಷ್ಟು ಬೇಗ ಕೈಗೆ ಸಿಗುವುದಿಲ್ಲ. ಬ್ಯಾಂಕಿಗೆ ಹೋಗಿ ಕೇಳಿ.

ದಿನ ಎಣಿಸುವುದು

ಇಡೀ ಪಾಠದಲ್ಲಿ ನನಗೆ ತೊಡಕಾಗಿದ್ದು ಇದೊಂದೇ. ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಓಡಿಯಲ್ಲಿ ಬಡ್ಡಿ ಬೀಳುವುದು ಲಿಮಿಟ್ ಮೇಲಲ್ಲ, ದಿನದ ಕೊನೆಗೆ ಎಷ್ಟು ಬಾಕಿ ಇದೆಯೋ ಅದರ ಮೇಲೆ. ಒಂದು ಕಿರಾಣಿ ಅಂಗಡಿಗೆ 2 ಲಕ್ಷದ ಲಿಮಿಟ್, ಬಡ್ಡಿ ಶೇ 12 ಅಂತ ಇಟ್ಟುಕೊಳ್ಳಿ. ಜೂನ್ 1ಕ್ಕೆ ಬಾಕಿ 1,50,000. 11ನೇ ತಾರೀಕು ಒಂದು ಲಕ್ಷ ಕಟ್ಟಿದರು, ಬಾಕಿ 50,000. 21ಕ್ಕೆ ಮತ್ತೆ 50,000 ತೆಗೆದರು, ಬಾಕಿ 1,00,000. ತಿಂಗಳು ಮುಗಿಯುವವರೆಗೆ ಅಷ್ಟೇ.

ಮೊದಲ ಬಾಕಿ ಎಷ್ಟು ದಿನ ಇತ್ತು? 11ರಲ್ಲಿ 1 ಕಳೆದರೆ 10. ಸರಿ, ಯಾಕೆಂದರೆ 11ರ ರಾತ್ರಿ ಬಾಕಿ ಆಗಲೇ 50,000 ಆಗಿತ್ತು. ಆ ದಿನ ಹೊಸ ಬಾಕಿಯ ಪಾಲಿಗೆ ಹೋಗುತ್ತದೆ. ಎರಡನೆಯದು 21ರಲ್ಲಿ 11 ಕಳೆದರೆ 10. ಇದೂ ಸರಿ. ಮೂರನೆಯದು 30ರಲ್ಲಿ 21 ಕಳೆದರೆ 9. ಇಲ್ಲೇ ಲೆಕ್ಕ ಹಳಿ ತಪ್ಪುತ್ತದೆ! 30ರ ರಾತ್ರಿಯೂ ಅದೇ ಬಾಕಿ ಇದೆ, ಆ ದಿನವನ್ನು ಕೊಡಲು ಮುಂದೆ ಬೇರೆ ಸಾಲು ಇಲ್ಲ. ಹಾಗಾಗಿ ಕೊನೆಯ ಸಾಲಿಗೆ ಮಾತ್ರ ಒಂದು ದಿನ ಸೇರಿಸಬೇಕು: 10. ಎಲ್ಲ ದಿನ ಕೂಡಿದರೆ 30 ಬರಬೇಕು. 29 ಬಂದರೆ ಕೊನೆಯ ಸಾಲನ್ನೇ ಮೊದಲು ನೋಡಿ.

ಈಗ ಪ್ರತಿ ಬಾಕಿಯನ್ನು ಅದರ ದಿನಗಳಿಂದ ಗುಣಿಸಿ: 15 ಲಕ್ಷ, 5 ಲಕ್ಷ, 10 ಲಕ್ಷ. ಒಟ್ಟು 30 ಲಕ್ಷ. ಅದನ್ನು 12ರಿಂದ ಗುಣಿಸಿ 36,500ರಿಂದ (365 ದಿನ × 100) ಭಾಗಿಸಿದರೆ ಬಡ್ಡಿ 986 ರೂಪಾಯಿ. ಇದೇ ದರಕ್ಕೆ ಪೂರ್ತಿ 2 ಲಕ್ಷ ಸಾಲ ತೆಗೆದು ತಿಂಗಳಿಡೀ ಇಟ್ಟುಕೊಂಡಿದ್ದರೆ 1,973 ಆಗುತ್ತಿತ್ತು. ಸರಿಯಾಗಿ ಎರಡರಷ್ಟು!

ನನಗೆ ತುಂಬಾ ಇಷ್ಟವಾದ ಸುಲಭ ದಾರಿ ಒಂದಿದೆ: ಒಂದು ಲಕ್ಷಕ್ಕೆ ಶೇ 1 ಅಂದರೆ ದಿನಕ್ಕೆ 2.74 ರೂಪಾಯಿ. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ. ಶೇ 12ಕ್ಕೆ ದಿನಕ್ಕೆ ಸುಮಾರು 33. ರೆಪೊ ಏರಿದ ಶೇ 2.5 ಪೂರ್ತಿ ನಿಮ್ಮ ಮೇಲೆ ಬಿದ್ದರೆ, ಲಕ್ಷಕ್ಕೆ ದಿನಕ್ಕೆ 6.85 ಜಾಸ್ತಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5 ಆದರೆ ವರ್ಷಕ್ಕೆ 42, ಅಂದರೆ ದಿನಕ್ಕೆ 115. ಅಂಗಡಿಯಲ್ಲಿ ಸುಮ್ನೆ ಕೂತಿರುವ ನಗದನ್ನು ಸಂಜೆಯೇ ಖಾತೆಗೆ ಹಾಕಿದರೆ ಎಷ್ಟು ಉಳಿಯುತ್ತದೆ ಎನ್ನುವುದೂ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಇನ್ನೂ ಅಗ್ಗಕ್ಕೆ ಎಲ್ಲಿ

ರೈತರಾದರೆ ಮೊದಲು ಕಿಸಾನ್ ಕ್ರೆಡಿಟ್ ಕಾರ್ಡ್. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4. ಕರ್ನಾಟಕದ ಸಹಕಾರ ಸಂಘಗಳಲ್ಲಿ ಬಡ್ಡಿಯೇ ಇಲ್ಲದ ಬೆಳೆ ಸಾಲವೂ ಇದೆ, 2023ರಲ್ಲಿ ಅದರ ಮಿತಿಯನ್ನು 3ರಿಂದ 5 ಲಕ್ಷಕ್ಕೆ ಏರಿಸಿದರು. ಜನಧನ್ ಖಾತೆಯಲ್ಲಿ 10,000ದವರೆಗೆ ಓಡಿ ಸಿಗಬಹುದು.

ಎಫ್‌ಡಿ ಇದ್ದವರಿಗೆ ಅದರ ಮೇಲೇ ಓಡಿ ಸಿಗುತ್ತದೆ. ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಶೇ 1ರಿಂದ 2 ಜಾಸ್ತಿ. ಎಫ್‌ಡಿಗೆ 7, ಓಡಿಗೆ 8 ಅಂದರೆ ಖರ್ಚು ಬರೀ ಶೇ 1 ಅನ್ನಿಸುತ್ತದೆ. ಆದರೆ ಎಫ್‌ಡಿ ಬಡ್ಡಿಗೆ ತೆರಿಗೆ ಇದೆ. ಶೇ 30ರ ಹಂತದವರಿಗೆ ಉಳಿಯುವುದು ಸುಮಾರು 4.9. ಮನೆ ಖರ್ಚಿಗೆ ತೆಗೆದ ಓಡಿಯ ಬಡ್ಡಿಗೆ ವಿನಾಯಿತಿ ಇಲ್ಲ. ಹಾಗಾಗಿ ನಿಜವಾದ ಅಂತರ ಶೇ 3ರ ಮೇಲೆ. ಹದಿನೈದಿಪ್ಪತ್ತು ದಿನದ ಕೊರತೆಗೆ ಇದು ತುಂಬಾ ಒಳ್ಳೆಯದು. ವರ್ಷಗಟ್ಟಲೆ ಬೇಕಾದರೆ ಎಫ್‌ಡಿ ಮುರಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ.

‘ಫ್ಲಾಟ್ ಶೇ 10’ ಎಂಬ ಸಾಲದ ಬಗ್ಗೆ ಮಾತ್ರ ಹುಷಾರು. ಒಂದು ಲಕ್ಷ, 12 ಕಂತು, ಕಂತಿಗೆ 9,167. ಅಸಲು ತಿಂಗಳು ತಿಂಗಳು ಕರಗುತ್ತದೆ, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಲಕ್ಷದ ಮೇಲೆ. ಓಡಿಯ ಹಾಗೆ ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ 18! ಶೇ 12ರ ಓಡಿಯೇ ಅದಕ್ಕಿಂತ ಎಷ್ಟೋ ಅಗ್ಗ. 2024ರ ಅಕ್ಟೋಬರ್ 1ರಿಂದ ಇಂಥ ಕಂತಿನ ಸಾಲಗಳಿಗೆ ಕೆಎಫ್‌ಎಸ್ ಎಂಬ, ಸಾಲದ ಮುಖ್ಯ ವಿವರಗಳ ಹಾಳೆ ಕೊಡುವುದು ಕಡ್ಡಾಯ. ಅದರಲ್ಲಿ ಪ್ರೊಸೆಸಿಂಗ್ ಫೀ ಕೂಡ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಇರುತ್ತದೆ. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ, ನಿಮ್ಮ ಓಡಿ ದರದ ಪಕ್ಕ ಇಟ್ಟು ನೋಡಿ.